ಕೈ ಎತ್ತುವ ತನಕ

ನನ್ನ ಹೆಂಡತಿ ಸುಮತಿಗೆ ಅಡುಗೆಮನೆಯಲ್ಲಿ ನಿಂತುಕೊಂಡೇ ನನ್ನನ್ನು ನಿಲ್ಲಿಸುವ ವಿದ್ಯೆ ಗೊತ್ತಿದೆ. ನಾನು ಚಾವಡಿಯಲ್ಲಿ ಕುಳಿತು ಯಾವುದಾದರೊಂದು ರಾಗ ಗುನುಗುತ್ತಿರುತ್ತೇನೆ. ಚಾವಡಿ ಎಂದೆ ನೋಡಿ, ಕುವೈತಿನ ಬ್ನೇದ್ ಅಲ್ ಗಾರಿನ ಐದನೇ ಮಹಡಿಯ ಫ್ಲ್ಯಾಟಿಗೆ ಚಾವಡಿ ಎಲ್ಲಿಂದ ಬರಬೇಕು! ಸೋಫಾ ಇರುವ ಕೋಣೆ ಅನ್ನಿ. ಹಾಡು ಮುಗಿದರೂ ನನ್ನ ಗುನುಗು ಮುಗಿಯುವುದಿಲ್ಲ. ಕೊನೆಯ ಸಾಲನ್ನು ಹಿಡಿದು ಸುತ್ತುತ್ತಲೇ ಇರುತ್ತೇನೆ. ಹತ್ತು ಸಲ, ಹದಿನೈದು ಸಲ. ಮಗಳು ಊಟದ ಮೇಜಿನಿಂದ, ‘ಪಪ್ಪಾ, ಇಟ್ಸ್ ಓವರ್!’ ಎಂದು ಕೂಗುತ್ತಾಳೆ. ಅದರಿಂದೇನೂ ಪ್ರಯೋಜನವಿಲ್ಲ. ಸುಮತಿ ಬಾಗಿಲಿಗೆ ಬಂದು ಸೌಟು ಹಿಡಿದ ಕೈಯನ್ನು ಮೇಲೆತ್ತಬೇಕು. ಅದು ಕಂಡ ಕೂಡಲೇ ನನ್ನ ಬಾಯಿ ತಾನಾಗಿ ಮುಚ್ಚುತ್ತದೆ.

ಒಂದೇ ಒಂದು ರಾಗಕ್ಕೆ ಮಾತ್ರ ಅವಳು ಸೌಟು ಎತ್ತುವುದಿಲ್ಲ. ಸಾರು ಉಕ್ಕಿದರೂ ಸರಿ, ಒಳಗೇ ಇರುತ್ತಾಳೆ. ಯಾಕೆ ಎಂದು ಅವಳಿಗೆ ಗೊತ್ತು. ನಿಮಗೆ ಗೊತ್ತಿಲ್ಲ, ಹೇಳುತ್ತೇನೆ.

ಮೊದಲು ಈ ಕೈಯ ಸಂಗತಿ. ನಮ್ಮದು ದೇವಸ್ಥಾನದಲ್ಲಿ ವಾದ್ಯ ಊದುವ ಮನೆ. ಅಪ್ಪನದು ನಾಗಸ್ವರ, ದೊಡ್ಡಪ್ಪನದು ಡೋಲು. ಹನ್ನೆರಡನೇ ವರ್ಷಕ್ಕೆ ನನ್ನ ಕುತ್ತಿಗೆಗೊಂದು ಹಳೆಯ ಸ್ಯಾಕ್ಸೊಫೋನು ನೇತುಹಾಕಿದರು. ವಾದ್ಯವೇ ನನ್ನನ್ನು ಎತ್ತಿಕೊಂಡು ಹೋದ ಹಾಗೆ ಕಾಣುತ್ತಿತ್ತಂತೆ. ನಾವು ನಿಲ್ಲುವುದು ಹೊರಗೆ, ಕಂಬದ ಹತ್ತಿರ. ಅಲ್ಲಿಂದ ಗರ್ಭಗುಡಿಯ ಬಾಗಿಲಲ್ಲಿ ಕಾಣುವುದು ಭಟ್ಟರ ಬೆನ್ನು, ಬಲಗೈ, ಆರತಿಯ ಬೆಳಕು, ಅಷ್ಟೆ. ಆರತಿ ಎಷ್ಟು ಹೊತ್ತು ಎಂದು ನಮಗೆ ಮೊದಲೇ ತಿಳಿಯುವಂತಿಲ್ಲ. ಭಟ್ಟರಿಗೆ ಹಸಿವಾಗಿದ್ದರೆ ಎರಡು ನಿಮಿಷ, ಊರಿನ ದೊಡ್ಡವರು ಯಾರಾದರೂ ಕೈಮುಗಿದು ನಿಂತಿದ್ದರೆ ಹತ್ತು ನಿಮಿಷ. ಕೀರ್ತನೆ ಮುಗಿದರೂ ನಾವು ನಿಲ್ಲಿಸುವಂತಿಲ್ಲ, ಕೊನೆಯ ಸಾಲನ್ನೇ ಸುತ್ತಿಸುತ್ತಾ ಇರಬೇಕು. ಭಟ್ಟರು ಆರತಿ ಕೆಳಗಿಟ್ಟು ಕೈ ಎತ್ತುತ್ತಾರೆ. ಆಗ ನಿಲ್ಲಿಸಬೇಕು.

ಒಮ್ಮೆ ಭಟ್ಟರು ಆರತಿ ಇಟ್ಟವರೇ ಕೈ ಎತ್ತಲು ಮರೆತು, ಯಾರದೋ ಮನೆಯ ಹಸುವಿನ ಕಾಯಿಲೆಯ ವಿಷಯ ಮಾತಾಡುತ್ತಾ ಇನ್ನೊಂದು ಬಾಗಿಲಿನಿಂದ ಹೊರಟುಹೋದರು. ಅಪ್ಪ ಊದುತ್ತಲೇ ಇದ್ದರು. ಬಂದವರೆಲ್ಲ ಪ್ರಸಾದ ತೆಗೆದುಕೊಂಡು ಮನೆಗೆ ಹೋದರು. ಅರ್ಧ ಗಂಟೆಯ ಮೇಲೆ ಭಟ್ಟರು ಓಡಿಬಂದು ಎರಡೂ ಕೈ ಎತ್ತಿದರು. ಅಪ್ಪನ ತುಟಿ ಊದಿಕೊಂಡಿತ್ತು. ‘ನೀವೇ ನಿಲ್ಲಿಸಬಹುದಿತ್ತಲ್ಲ?’ ಎಂದು ನಾನು ಸಿಟ್ಟಿನಿಂದ ಕೇಳಿದೆ. ಅಪ್ಪ ಬಾಯಿಗೆ ತಣ್ಣೀರು ಹಾಕಿಕೊಂಡು, ‘ನಿಲ್ಲಿಸ್ಲಿಕ್ಕೆ ನಾವು ಯಾರು?’ ಎಂದರು.

ಇಂಥ ಮನೆಯಿಂದ ಬಂದ ನಾನು ಕುವೈತಿಗೆ ಹೋಗಿ ಮಾಡಿದ್ದು ಸಾಮಾನು ಸಾಗಿಸುವ ಕೆಲಸ. ಸಬ್ಹಾನಿನಲ್ಲಿ ನಮ್ಮ ಕಂಪೆನಿಯ ಗೋದಾಮು, ಅದರ ಹಿಂದೆಯೇ ನಮ್ಮ ಕ್ಯಾಂಪು. ಒಂದು ಕೋಣೆಗೆ ಎಂಟು ಜನ. ಸ್ಯಾಕ್ಸೊಫೋನು ಊರಿನಲ್ಲಿ ಅಟ್ಟ ಸೇರಿತ್ತು. ಯಾರಾದರೂ ಮನೆ ಬದಲಿಸಿದರೆ ಕಪಾಟು ಬಿಚ್ಚುವುದು, ಗಾಜಿಗೆ ಕಂಬಳಿ ಸುತ್ತುವುದು, ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಗೀರು ಬೀಳದಂತೆ ಸೋಫಾ ಹೊರಳಿಸುವುದು, ಇವೆಲ್ಲ ನನಗೆ ಚೆನ್ನಾಗಿ ಬರುತ್ತಿತ್ತು. ಗೀರು ಬೀಳಿಸದವನು ಎಂದು ನನಗೆ ಸ್ವಲ್ಪ ಹೆಸರೂ ಇತ್ತು. ಈಗಲೂ ಯಾವುದೇ ಮನೆಗೆ ಹೋದರೆ ನಾನು ಮೊದಲು ನೋಡುವುದು ಬಾಗಿಲ ಅಂಚನ್ನು.

ತೊಂಬತ್ತನೇ ಇಸವಿಯ ಜನವರಿ ಚಳಿಯಲ್ಲಿ ಬ್ನೇದ್ ಅಲ್ ಗಾರಿನ ಸಮುದ್ರ ಕಾಣುವ ಒಂದು ದೊಡ್ಡ ಫ್ಲ್ಯಾಟಿನಿಂದ ಹವಲ್ಲಿಯ ಒಂದು ಸಣ್ಣ ಫ್ಲ್ಯಾಟಿಗೆ ಸಾಮಾನು ಸಾಗಿಸುವ ಕೆಲಸ ಬಂತು. ಮನೆಯವರು ಪ್ಯಾಲೆಸ್ಟೈನಿನ ಮದಾಮ್ ಸಲ್ಮಾ. ಅರವತ್ತು ದಾಟಿದವರು, ಮಕ್ಕಳಿಗೆ ಪಿಯಾನೊ ಹೇಳಿಕೊಡುವವರು. ಗಂಡ ಡಾಕ್ಟರಾಗಿದ್ದವರು, ಹಿಂದಿನ ವರ್ಷ ತೀರಿಕೊಂಡಿದ್ದರು. ಅವರ ಪಿಯಾನೊವನ್ನು ಮೂರನೇ ಮಹಡಿಗೆ ಆರು ಜನ ಹೊತ್ತು ಹತ್ತಿಸಿದೆವು. ಮದಾಮ್ ಒಂದೊಂದೇ ಮೆಟ್ಟಿಲು ನಮ್ಮ ಹಿಂದೆಯೇ ಹತ್ತುತ್ತಾ, ‘ಶುವೈ, ಶುವೈ’ ಎಂದು ಹೇಳುತ್ತಲೇ ಇದ್ದರು. ನಿಧಾನ, ನಿಧಾನ ಎಂದು. ಒಂದು ಗೀರು ಬೀಳಲಿಲ್ಲ.

ಎಲ್ಲ ಮುಗಿದ ಮೇಲೆ ಕೊನೆಯ ಪೆಟ್ಟಿಗೆಯಲ್ಲಿ ಸಣ್ಣದೊಂದು ಕಪ್ಪು ಡಬ್ಬಿ ಸಿಕ್ಕಿತು. ತೆರೆದು ನೋಡಬಾರದು ಎಂಬುದು ನಮ್ಮ ಕೆಲಸದ ಮೊದಲ ಪಾಠ. ತೆರೆದೆ. ಮೂರು ತುಂಡಾಗಿ ಬಿಚ್ಚಿಟ್ಟ ಬೆಳ್ಳಿ ಬಣ್ಣದ ವಿಲಾಯಿತಿ ಕೊಳಲು. ಮದಾಮ್ ಅಡುಗೆಮನೆಯಲ್ಲಿ ನಮಗೆ ಚಾ ಮಾಡುತ್ತಿದ್ದರು. ಜೋಡಿಸಿ ಬಾಯಿಗಿಟ್ಟೆ. ಮೊದಲು ಬರೀ ಗಾಳಿ, ಆಮೇಲೆ ಸ್ವರ. ಸ್ಯಾಕ್ಸೊಫೋನಿನ ಬೆರಳೇ ಹೆಚ್ಚುಕಡಿಮೆ ಇದಕ್ಕೂ ಆಗುತ್ತದೆ ಎಂದು ಗೊತ್ತಾದ ಖುಷಿಯಲ್ಲಿ ಅಪ್ಪನ ಒಂದು ಕೀರ್ತನೆಯ ಎರಡು ಸಾಲು ಊದಿಯೇಬಿಟ್ಟೆ. ತಲೆಯೆತ್ತಿದರೆ ಮದಾಮ್ ಚಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ನನ್ನ ಇಕಾಮಾ, ಅಂದರೆ ಅಲ್ಲಿರುವ ಪರವಾನಗಿ, ರದ್ದಾಗಿ ಊರಿಗೆ ಹೋದ ಹಾಗೇ ಆಯಿತು ಎಂದುಕೊಂಡೆ.

ಅವರು ತಟ್ಟೆ ಇಟ್ಟು ಕೇಳಿದ್ದು ಒಂದೇ ಪ್ರಶ್ನೆ. ‘ಶುಕ್ರವಾರ ನಿನಗೆ ರಜೆಯಾ?’

ನಮ್ಮಿಬ್ಬರ ಭಾಷೆ ಅರ್ಧ ಇಂಗ್ಲಿಷು, ಕಾಲು ಅರಬ್ಬಿ, ಉಳಿದದ್ದು ಕೈಬಾಯಿ ಸನ್ನೆ. ಇಲ್ಲಿ ಎಲ್ಲವನ್ನೂ ಕನ್ನಡಕ್ಕೆ ಹಾಕಿಯೇ ಹೇಳುತ್ತೇನೆ. ಕೊಳಲು ಅವರ ಗಂಡನದು. ಇಬ್ಬರೂ ಸೇರಿ ನುಡಿಸುತ್ತಿದ್ದದ್ದು ಮುಖ್ಯವಾಗಿ ಒಂದೇ ಕೃತಿ. ಕೊಳಲಿಗೂ ಪಿಯಾನೊಗೂ ಸೇರಿಸಿ ಹಿಂದಿನ ಶತಮಾನದ ಒಬ್ಬ ಜರ್ಮನ್ ಬರೆದ ಸೊನಾಟಾ. ಅದರಲ್ಲಿ ನಾಲ್ಕು ಭಾಗ, ನಾಲ್ಕೂ ಸೇರಿದರೆ ಒಂದು ಅಜ್ಜಿಕತೆ.

ಕತೆ ಹೀಗೆ. ನೀರಿನಲ್ಲಿರುವ ಒಬ್ಬಳು ಹೆಣ್ಣು. ಅವಳಿಗೆ ಎಲ್ಲ ಇದೆ, ಆತ್ಮ ಒಂದಿಲ್ಲ. ಮನುಷ್ಯನನ್ನು ಮದುವೆಯಾದರೆ ಸಿಗುತ್ತದಂತೆ. ದಡಕ್ಕೆ ಬಂದು ಒಬ್ಬ ಸರದಾರನನ್ನು ಮದುವೆಯಾಗುತ್ತಾಳೆ. ಒಂದೇ ಶರತ್ತು: ನೀರಿನ ಹತ್ತಿರ ಇರುವಾಗ ಅವಳಿಗೆ ಬೈಯಬಾರದು. ಬೈದರೆ ಅವಳು ನೀರಿಗೇ ಹಿಂತಿರುಗಬೇಕು, ಆಮೇಲೆ ಬಂದು ಅವನ ಪ್ರಾಣ ತೆಗೆಯಬೇಕು. ಅವನು ಬೈಯುತ್ತಾನೆ. ಬೈಯದಿದ್ದರೆ ಕತೆ ಎಲ್ಲಿಂದ!

ಇದನ್ನು ಸುಮತಿಗೆ ಕಾಗದದಲ್ಲಿ ಬರೆದಿದ್ದೆ. ಆಗ ಅವಳು ಊರಿನಲ್ಲಿದ್ದಳು, ನಮಗೆ ಮದುವೆಯಾಗಿ ಆರು ತಿಂಗಳು. ‘ನಮ್ಮಲ್ಲಿ ಬೈಯುವುದೇ ಬಾವಿಕಟ್ಟೆಯಲ್ಲಿ. ಹಾಗೆ ಲೆಕ್ಕ ಹಾಕಿದರೆ ನಿಮ್ಮ ಅಮ್ಮನ ಪ್ರಾಣ ಯಾವಾಗಲೋ ಹೋಗಬೇಕಿತ್ತು’ ಎಂದು ಉತ್ತರ ಬಂತು. ನನಗೂ ಒಂದು ಸಂಶಯವಿತ್ತು. ಪ್ರಾಣ ತೆಗೆಯುವ ಶಕ್ತಿಯಿದೆ ಎಂದ ಮೇಲೆ ಅವಳು ಸಾಮಾನ್ಯ ಹೆಂಗಸಲ್ಲ, ನಮ್ಮ ಕಡೆಯ ಲೆಕ್ಕದಲ್ಲಿ ಭೂತವೇ. ಹಾಗಾಗಿ ಮೊದಲ ಶುಕ್ರವಾರ ನಾನು ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದು, ಅವರ ಸಂಗೀತದ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಕುಳಿತೆ. ಇದೇನು ಎಂದು ಮದಾಮ್ ಕೇಳಿದರು. ಅವಳಿಗೆ ವರ್ಷಕ್ಕೊಮ್ಮೆ ಏನಾದರೂ ಕೊಡುವ ಕ್ರಮ ಉಂಟಾ ಎಂದು ನಾನು ಕೇಳಿದೆ. ಕೋಳಿಯೋ, ಎಳನೀರೋ? ಮದಾಮ್ ನಕ್ಕು ನಕ್ಕು ಪಿಯಾನೊದ ಮೇಲೆಯೇ ಒರಗಿದರು. ಕೈಗೆ ಸಿಕ್ಕ ಸ್ವರದ ಮನೆಗಳೆಲ್ಲ ಒಟ್ಟಿಗೇ ಕಿರುಚಿದವು.

ನನಗೆ ಅವರ ಸಂಗೀತದ ಬರಹ ಓದಲು ಬರುತ್ತಿರಲಿಲ್ಲ. ಅವರು ಕೊಳಲಿನ ಸಾಲನ್ನು ಪಿಯಾನೊದಲ್ಲಿ ನಿಧಾನ ನುಡಿಸುವುದು, ನಾನು ಗೋದಾಮಿನ ಡೆಲಿವರಿ ಚೀಟಿಗಳ ಹಿಂಬದಿಯಲ್ಲಿ ಸರಿಗಮ ಬರೆದುಕೊಳ್ಳುವುದು. ಮೊದಲ ಭಾಗ ಸಲೀಸು. ಅಲೆ ಬಂದು ಹೋದ ಹಾಗೆ ಆರಾರು ಅಕ್ಷರ. ಆದರೆ ಎರಡು ಪುಟ ಹೋಗುವಷ್ಟರಲ್ಲಿ ನನ್ನ ಸಾ ಕೈಕೊಟ್ಟಿತು. ನಮ್ಮಲ್ಲಿ ಸಾ ಎಂದರೆ ಮನೆಯ ಕಂಬ. ಯಾರು ಬರಲಿ, ಹೋಗಲಿ, ಅದು ಅಲ್ಲೇ ಇರುತ್ತದೆ. ಈ ಪುಣ್ಯಾತ್ಮನ ಕೃತಿಯಲ್ಲಿ ಸಾ ಸುಮ್ಮನೆ ಎದ್ದು ಪಕ್ಕದ ಮನೆಗೆ ಹೋಗುತ್ತದೆ, ಅಲ್ಲಿಂದ ಆಚೆ ಬೀದಿಗೆ. ನಾನು ಚೀಟಿ ಹಿಡಿದುಕೊಂಡು ಅದರ ಹಿಂದೆ ಓಡಬೇಕು.

ಮದಾಮ್ ಬೈಯುವುದರಲ್ಲಿ ಧಾರಾಳಿ. ನಾನು ಸ್ವರಗಳ ನಡುವೆ ಸ್ವಲ್ಪ ಜಾರಿಸಿದರೆ, ‘ಅಲಂಕಾರ ಬೇಡ! ಅವಳು ನೀರಿನಿಂದ ಬಂದವಳು, ಮೈಮೇಲೆ ಒಡವೆ ಇಲ್ಲ!’ ಎನ್ನುತ್ತಿದ್ದರು. ಆದರೆ ಅವರಿಗೆ ನಿಜವಾಗಿ ತಲೆ ಕೆಟ್ಟದ್ದು ಮೊದಲ ಭಾಗದ ಕೊನೆಯಲ್ಲಿ. ಕಾಗದ ಮುಗಿಯಿತು. ಅವರು ನಿಲ್ಲಿಸಿದರು. ನಾನು ಕೊನೆಯ ಸಾಲನ್ನು ಇನ್ನೊಮ್ಮೆ ಊದಿದೆ. ಅವರು ನನ್ನನ್ನೇ ನೋಡಿದರು. ನಾನು ಅವರ ಕೈಯನ್ನೇ ನೋಡುತ್ತಾ ಮತ್ತೊಮ್ಮೆ ಊದಿದೆ. ಅವರ ಎರಡೂ ಕೈ ಮಡಿಲಲ್ಲಿದ್ದವು. ಆರು ಸಲ ಸುತ್ತಿದ ಮೇಲೆ ಅವರು ತಡೆಯಲಾರದೆ ಕೈ ಎತ್ತಿ, ‘ಖಲಾಸ್! ಖಲಾಸ್!’ ಎಂದು ಕಿರುಚಿದರು. ನಾನು ತಟ್ಟನೆ ನಿಲ್ಲಿಸಿ, ತುಂಬ ವಿನಯದಿಂದ, ‘ಅದನ್ನೇ ಕಾಯುತ್ತಿದ್ದೆ’ ಎಂದೆ.

ಅಪ್ಪನ ಕತೆ, ಭಟ್ಟರ ಕತೆ, ಹಸುವಿನ ಕಾಯಿಲೆ ಎಲ್ಲ ಹೇಳಿದೆ. ಅವರು ಗಂಭೀರವಾಗಿ ಕೇಳಿದರು. ಆಮೇಲೆ ಪೆನ್ಸಿಲು ತೆಗೆದು ನನ್ನ ಚೀಟಿಯ ಮೂಲೆಯಲ್ಲಿ ಒಂದು ಉದ್ದ ಗೀಟು, ಅದರ ಪಕ್ಕ ಒಂದರ ಕೆಳಗೊಂದು ಎರಡು ಚುಕ್ಕೆ ಹಾಕಿದರು. ‘ಈ ಎರಡು ಚುಕ್ಕೆ ಇದ್ದರೆ ಹಿಂದೆ ಹೋಗಿ ಇನ್ನೊಮ್ಮೆ ನುಡಿಸು. ಒಂದೇ ಸಲ. ಹೆಚ್ಚು ಬೇಕಾದರೆ ಎಷ್ಟು ಎಂದು ಮೇಲೆ ಬರೆದಿರುತ್ತದೆ. ಚುಕ್ಕೆ ಇಲ್ಲದಿದ್ದರೆ ಕಾಗದ ಮುಗಿದಲ್ಲಿ ಸಂಗೀತವೂ ಮುಗಿಯಿತು. ಯಾರ ಕೈಯೂ ಬೇಕಾಗಿಲ್ಲ.’ ಅವರ ಲಿಪಿಯಲ್ಲಿ ನಾನು ಕಲಿತದ್ದು ಅದೊಂದೇ ಗುರುತು.

ಹೀಗೆ ಶುಕ್ರವಾರಗಳು ಕಳೆದವು. ಆ ಕಟ್ಟಡದ ಕೆಳಗೇ ನಮ್ಮೂರಿನ ಮೊಯ್ದಿನಾಕನ ಬಕಾಲ, ಅಂದರೆ ದಿನಸಿ ಅಂಗಡಿ. ಊರಿನಲ್ಲಿ ಅವರ ತಂದೆಯ ಅಂಗಡಿ ಇದ್ದದ್ದು ದೇವಸ್ಥಾನದ ಎದುರಿನ ರಸ್ತೆಯಲ್ಲಿ. ‘ನಿನ್ನ ಅಪ್ಪ ಮಧ್ಯಾಹ್ನದ ಪೂಜೆಗೆ ಊದಿದ ಮೇಲೆಯೇ ನಮ್ಮ ಬಾಪ ಊಟಕ್ಕೆ ಏಳುವುದು. ನಮಗೆ ಅದೇ ಗಡಿಯಾರ’ ಎನ್ನುತ್ತಿದ್ದರು. ನಾನು ಮೇಲೆ ಊದಿ ಕೆಳಗಿಳಿದರೆ ತಣ್ಣನೆಯ ಲಬನ್ ಮಜ್ಜಿಗೆ ಕುಡಿಯಲು ಕೊಟ್ಟು, ‘ಎಂತ ಶೇಖರಾ, ನಿನ್ನ ನೀರಿನ ಹೆಣ್ಣು ಎಲ್ಲಿಯವರೆಗೆ ಬಂದ್ಲು?’ ಎಂದು ವಿಚಾರಿಸುತ್ತಿದ್ದರು. ಕುವೈತಿನಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಇಲ್ಲಿಗೆ ಬಂದರೆ ಪಾಪ ಅವಳು ತಾರಸಿಯ ಟಾಂಕಿಯಲ್ಲೇ ಇರಬೇಕು, ಬೇಸಿಗೆಯಲ್ಲಿ ಬೆಂದು ಹೋಗ್ತಾಳೆ ಎಂದು ಅವರಿಗೆ ಚಿಂತೆ.

ಮೂರು ಭಾಗ ಆಯಿತು. ಮೂರನೆಯದು ಬಹಳ ಶಾಂತ, ನನಗೆ ಎಲ್ಲಕ್ಕಿಂತ ಇಷ್ಟ. ಅದು ಮುಗಿದ ದಿನ ಮದಾಮ್ ಪುಸ್ತಕ ಮುಚ್ಚಲಿಲ್ಲ, ನಾಲ್ಕನೆಯದರ ಪುಟ ತೆರೆದಿಟ್ಟು ಕುಳಿತರು. ‘ನನ್ನ ಗಂಡ ಇದನ್ನು ಒಂದು ಸಲವೂ ನುಡಿಸಲಿಲ್ಲ’ ಎಂದರು. ‘ಇಪ್ಪತ್ತೆಂಟು ವರ್ಷ. ಮೂರು ಭಾಗ ಮುಗಿಸಿ ಕೊಳಲು ಒರೆಸಿ ಇಟ್ಟುಬಿಡುವುದು. ನಾಲ್ಕನೆಯದರಲ್ಲಿ ಗಂಡ ಸಾಯುತ್ತಾನಲ್ಲ, ನಾನು ಯಾಕೆ ನುಡಿಸಲಿ ಎಂದು ತಮಾಷೆ. ಆಮೇಲೆ ನುಡಿಸೋಣ, ವಯಸ್ಸಾದ ಮೇಲೆ ನುಡಿಸೋಣ ಎನ್ನುತ್ತಿದ್ದರು. ನಾನು ನನ್ನ ಅರ್ಧವನ್ನು ಕಲಿತು ಇಟ್ಟುಕೊಂಡೇ ಇದ್ದೇನೆ. ಕೊಳಲಿನ ಜೊತೆ ಒಂದು ಸಲ ಪೂರ್ತಿ ಕೇಳಬೇಕು ನನಗೆ.’

ಇದನ್ನು ಹೇಳುವಾಗ ಅವರ ದನಿಯಲ್ಲಿ ಅಳುವೇನೂ ಇರಲಿಲ್ಲ. ಬಾಕಿ ಉಳಿದ ಮನೆಗೆಲಸದ ಬಗ್ಗೆ ಹೇಳಿದ ಹಾಗಿತ್ತು. ಅದಕ್ಕೇ ನನಗೆ ಹೆದರಿಕೆಯಾಯಿತು. ನಾಲ್ಕನೆಯದು ಬಿರುಗಾಳಿ. ಸಾ ಒಂದೇ ಅಲ್ಲ, ಏಳು ಸ್ವರಗಳೂ ದಿಕ್ಕಾಪಾಲು. ಎರಡು ತಿಂಗಳು ಹಿಡಿದು ಬರೆದುಕೊಂಡೆ, ಕ್ಯಾಂಪಿನ ಬಚ್ಚಲುಮನೆಯಲ್ಲಿ ಬರೀ ಬೆರಳಾಡಿಸಿ ಅಭ್ಯಾಸ ಮಾಡಿದೆ. ಜುಲೈಯ ಕೊನೆಯ ಶುಕ್ರವಾರ ಮದಾಮ್ ಕೇಳಿದರು, ‘ಇವತ್ತು?’

ಚೀಟಿಗಳು ಅಂಗಿಯ ಜೇಬಿನಲ್ಲೇ ಇದ್ದವು. ನಿಜ ಹೇಳಬೇಕೆಂದರೆ ಮುಕ್ಕಾಲುಪಾಲು ಬರುತ್ತಿತ್ತು. ಆದರೆ ಇಪ್ಪತ್ತೆಂಟು ವರ್ಷ ಕಾದವರ ಎದುರು ಸಾಮಾನು ಹೊರುವ ನಾನು ಎಡವಿ ಬಿದ್ದರೆ? ಮಾನಕ್ಕೆ ಹೆದರಿದೆ. ‘ಮುಂದಿನ ಶುಕ್ರವಾರ, ಪಕ್ಕಾ’ ಎಂದೆ. ಅವರು, ‘ನೀನೂ ಹಾಗೇ ಹೇಳುತ್ತೀಯ’ ಎಂದು ಪುಸ್ತಕ ಮುಚ್ಚಿದರು.

ಮುಂದಿನ ಶುಕ್ರವಾರಕ್ಕೆ ಮೊದಲು ಒಂದು ಗುರುವಾರ ಬಂತು. ಆಗಸ್ಟ್ ಎರಡು. ಬೆಳಗ್ಗೆ ಏಳುವಾಗ ಇರಾಕಿನ ಟ್ಯಾಂಕುಗಳು ರಸ್ತೆಯಲ್ಲಿದ್ದವು.

ಆ ದಿನಗಳ ಬಗ್ಗೆ ತಿಳಿದವರು ಬೇಕಾದಷ್ಟು ಬರೆದಿದ್ದಾರೆ, ನಾನು ಬರೆಯಲಾರೆ. ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಬೇಸಿಗೆ ಕಳೆಯಲು ಪರದೇಶಕ್ಕೆ ಹೋದವನು ಅಲ್ಲೇ ಉಳಿದ. ಗೋದಾಮು ಖಾಲಿಯಾಯಿತು. ಖಾಲಿ ಮಾಡಿದ್ದು ನಾವಲ್ಲ. ಮೊಯ್ದಿನಾಕ ನನ್ನನ್ನು ಕರೆತಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಇರಿಸಿಕೊಂಡರು. ಮೇಲೆಯೇ ಮದಾಮ್ ಮನೆ. ದಿನಾ ರೊಟ್ಟಿಯ ಸಾಲಿನಲ್ಲಿ ನಿಂತು ತಂದು ಅವರಿಗೂ ಕೊಡುತ್ತಿದ್ದೆ. ಸಂಗೀತದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೀದಿಯಲ್ಲಿ ಸೈನಿಕರಿರುವಾಗ ಯಾರು ಕೊಳಲೂದುತ್ತಾರೆ? ಮದಾಮ್‌ಗೆ ಇನ್ನೊಂದು ಸಂಕಟ. ಪ್ಯಾಲೆಸ್ಟೈನಿನ ಜನರನ್ನು ಎರಡೂ ಕಡೆಯವರು ಓರೆಗಣ್ಣಿನಿಂದ ನೋಡಲು ಸುರುಮಾಡಿದ್ದರು. ವರ್ಷಗಟ್ಟಲೆ ಮಕ್ಕಳನ್ನು ಪಾಠಕ್ಕೆ ಕಳಿಸಿದವರೇ ಮೆಟ್ಟಿಲಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಿದ್ದರು. ಅವರ ತಪ್ಪೇನು ಎಂದು ನನಗೆ ಅವತ್ತೂ ಅರ್ಥವಾಗಲಿಲ್ಲ, ಇವತ್ತೂ ಇಲ್ಲ.

ನೀರು ಬರುವುದು ನಿಂತೀತು ಎಂಬ ಸುದ್ದಿ ಹಬ್ಬಿತು. ಮದಾಮ್ ಮನೆಯಲ್ಲಿದ್ದ ಪಾತ್ರೆಗಳಿಗೆಲ್ಲ ನೀರು ತುಂಬಿಸಿಟ್ಟರು. ಬಕೆಟು, ಬೋಗುಣಿ, ಕೇಕಿನ ಅಚ್ಚು, ಹೂದಾನಿ. ಇಡಲು ಜಾಗ ಸಾಲದೆ ಪಿಯಾನೊದ ಮುಚ್ಚಳದ ಮೇಲೂ ಸಾಲಾಗಿ ಪಾತ್ರೆ.

ಸೆಪ್ಟೆಂಬರಿನಲ್ಲಿ ನಮ್ಮ ಸರದಿ ಬಂತು. ಬಸ್ಸಿನಲ್ಲಿ ಬಸ್ರಾ, ಬಾಗ್ದಾದು, ಅಲ್ಲಿಂದ ಅಮ್ಮಾನು, ಆಮೇಲೆ ವಿಮಾನ. ಮೊಯ್ದಿನಾಕನ ಹೆಸರೂ ನನ್ನ ಹೆಸರೂ ಒಂದೇ ಪಟ್ಟಿಯಲ್ಲಿ. ಹೊರಡುವ ದಿನ ಬೆಳಗ್ಗೆ ಬಸ್ಸಿನ ಜಾಗಕ್ಕೆ ಕರೆದೊಯ್ಯುವ ಗಾಡಿ ಹತ್ತೂವರೆಗೆ ಎಂದು ಹೇಳಿದ್ದರು. ಒಂಬತ್ತೂವರೆಗೆ ನಾನು ಮದಾಮ್‌ಗೆ ಹೇಳಿಬರಲು ಮೇಲೆ ಹೋದೆ. ಏನು ಹೇಳುವುದು ಎಂದು ಮೆಟ್ಟಿಲು ಹತ್ತುವಾಗ ಇಂಗ್ಲಿಷಿನಲ್ಲಿ ಒಂದು ವಾಕ್ಯ ಜೋಡಿಸಿಕೊಂಡಿದ್ದೆ. ಬಾಗಿಲು ತೆರೆದಾಗ ಅದು ಮರೆತುಹೋಯಿತು.

ಮದಾಮ್ ನನ್ನನ್ನು ಕುಳಿತುಕೋ ಎನ್ನಲಿಲ್ಲ. ಪಿಯಾನೊದ ಹತ್ತಿರ ಹೋಗಿ ಪಾತ್ರೆಗಳನ್ನು ಒಂದೊಂದಾಗಿ ನೆಲಕ್ಕೆ ಇಳಿಸತೊಡಗಿದರು. ನಾನೂ ಕೈಹಾಕಿದೆ, ಅದು ಹೇಗಿದ್ದರೂ ನನ್ನ ಕಸುಬು. ಒಂದು ಹನಿ ಚೆಲ್ಲದಂತೆ ಇಳಿಸಿದೆವು. ಅವರು ಕಿಟಕಿಗಳನ್ನು ಮುಚ್ಚಿ ಪರದೆ ಎಳೆದು, ಕೊಳಲಿನ ಡಬ್ಬಿ ನನ್ನ ಮುಂದಿಟ್ಟರು.

‘ನಾಲ್ಕನೆಯದು’ ಎಂದರು.

ಸುತ್ತ ನೀರಿನ ಪಾತ್ರೆಗಳು, ನಡುವೆ ನಾವಿಬ್ಬರು. ಬಿಸಿಲು ಪರದೆಯಿಂದ ಸೋಸಿ ಬರುತ್ತಿತ್ತು. ಬಿರುಗಾಳಿಯ ಸಂಗೀತವನ್ನು ಪಿಸುಮಾತಿನಲ್ಲಿ ನುಡಿಸುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. ನಾನು ಎಷ್ಟು ಕಡೆ ತಪ್ಪಿದೆ ಎಂದು ಲೆಕ್ಕ ಇಟ್ಟವರಿಲ್ಲ. ಎರಡು ಕಡೆ ಒಂದು ಸಾಲು ಪೂರ್ತಿ ಬಿಟ್ಟುಹೋಯಿತು, ಒಂದು ಕಡೆ ಹಳೇ ಚಟದಿಂದ ಜಾರಿಸಿಯೂ ಬಿಟ್ಟೆ. ಮದಾಮ್ ಒಂದು ಮಾತೂ ಆಡಲಿಲ್ಲ. ಎಡಗೈ ದಪ್ಪ ಸ್ವರಗಳಿಗೆ ಇಳಿದಾಗಲೆಲ್ಲ ನೆಲದ ಮೇಲಿನ ನೀರು ಬೋಗುಣಿ ಬೋಗುಣಿಗಳಲ್ಲಿ ಸಣ್ಣಗೆ ನಡುಗುತ್ತಿತ್ತು. ನಡುವೆ ಅವರಿಗೆ ಒಬ್ಬರೇ ನುಡಿಸುವ ಒಂದು ಜಾಗ ಬರುತ್ತದೆ. ನಾನು ಉಸಿರು ತೆಗೆದುಕೊಂಡು ಮೆಲ್ಲನೆ ಕೇಳಿದೆ, ‘ಇವತ್ತು ಯಾಕೆ ಬೈಯುತ್ತಿಲ್ಲ, ಮದಾಮ್?’

ಅವರು ತಲೆಯೆತ್ತದೆ ಹೇಳಿದರು, ‘ಸುತ್ತ ನೀರಿದೆ, ಕಾಣುವುದಿಲ್ಲವಾ?’

ನನ್ನ ಸರದಿ ಬಂತು. ಕೊಳಲನ್ನು ಮತ್ತೆ ಬಾಯಿಗಿಟ್ಟೆ.

ನಾಲ್ಕನೇ ಭಾಗ ಬಿರುಗಾಳಿಯಲ್ಲಿ ಮುಗಿಯುವುದಿಲ್ಲ ಎಂದು ನಾನು ಹೇಳಲೇ ಇಲ್ಲ ನಿಮಗೆ. ಎಲ್ಲ ಆದ ಮೇಲೆ, ಸಾಯಬೇಕಾದವನು ಸತ್ತ ಮೇಲೆ, ಮೊದಲ ಭಾಗದ ಮೆತ್ತಗಿನ ರಾಗ ಮತ್ತೆ ಬರುತ್ತದೆ. ಅವಳು ಇನ್ನೂ ಅವನನ್ನು ನೆನೆಸಿಕೊಳ್ಳುತ್ತಾಳೆ ಎಂಬಂತೆ. ಕೊನೆಯ ಸಾಲು ಬಂತು. ಈ ಸಲವಾದರೂ ಅವರು ಕಲಿಸಿದಂತೆ ನಡೆಯಬೇಕೆಂದು ಕಾಗದ ಮುಗಿದಲ್ಲಿ ಸರಿಯಾಗಿ ನಿಲ್ಲಿಸಿದೆ. ಕೊಳಲು ಕೆಳಗಿಳಿಸಿದೆ.

ಮದಾಮ್ ನಿಲ್ಲಿಸಲಿಲ್ಲ. ಅವರ ಬೆರಳುಗಳು ಆ ಸಾಲಿನ ಆರಂಭಕ್ಕೆ ಹಿಂತಿರುಗಿದವು. ನನ್ನನ್ನು ನೋಡಲಿಲ್ಲ, ಹುಬ್ಬು ಮಾತ್ರ ಎತ್ತಿದರು. ನಾನು ಸೇರಿಕೊಂಡೆ. ಮುಗಿಯಿತು, ಅವರು ಮತ್ತೆ ಹಿಂತಿರುಗಿದರು. ಮೂರು ಸಲ. ನಾಲ್ಕು ಸಲ. ಚುಕ್ಕೆಯಿಲ್ಲದೆ ಹಿಂದೆ ಹೋಗಬಾರದು ಎಂದು ನನಗೆ ಪಾಠ ಹೇಳಿದವರು ಅವರೇ. ಎಲ್ಲಿಯವರೆಗೆ ಸಾಲು ಸುತ್ತುತ್ತದೋ ಅಲ್ಲಿಯವರೆಗೆ ಗಾಡಿ ಬರುವುದಿಲ್ಲ, ನಾನು ಹೋಗುವುದಿಲ್ಲ, ಅವರು ಒಬ್ಬರೇ ಆಗುವುದಿಲ್ಲ. ಅದು ನನಗೂ ಗೊತ್ತಿತ್ತು. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಎಂದೂ ಊದಿದ್ದಿಲ್ಲ.

ಎಷ್ಟನೇ ಸುತ್ತೋ, ಬಾಗಿಲಲ್ಲಿ ಮೊಯ್ದಿನಾಕ ಕಾಣಿಸಿಕೊಂಡರು. ಕಾಲುಚೀಲದಲ್ಲಿ ನಿಂತು ಬಲಗೈಯನ್ನು ಮೇಲೆತ್ತಿದರು.

ನನ್ನ ಉಸಿರು ನಿಂತಿತು. ಯೋಚನೆ ಮಾಡಿ ನಿಲ್ಲಿಸಿದ್ದಲ್ಲ, ಹನ್ನೆರಡನೇ ವರ್ಷದಿಂದ ಬಂದ ಚಾಳಿ. ಪಿಯಾನೊ ಒಂಟಿಯಾಗಿ ಅರ್ಧ ಸಾಲು ಮುಂದಕ್ಕೆ ಹೋಯಿತು. ಆಮೇಲೆ ಮದಾಮ್ ತಿರುಗಿ, ಎತ್ತಿದ ಆ ಕೈಯನ್ನು ನೋಡಿದರು. ‘ಖಲಾಸ್’ ಎಂದು ತಮಗೇ ಹೇಳಿಕೊಂಡು ಮುಚ್ಚಳ ಹಾಕಿದರು. ಕೊಳಲನ್ನು ಒರೆಸಿ ಡಬ್ಬಿಯಲ್ಲಿಟ್ಟರು. ದಾರಿಯ ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ, ಅದು ಇಲ್ಲೇ ಇರಲಿ ಎಂದರು. ನನ್ನ ತಲೆಯ ಮೇಲೆ ಕೈಯಿಟ್ಟು ಅರಬ್ಬಿಯಲ್ಲಿ ಏನೋ ಹೇಳಿದರು. ನಾನು ಕಾಲಿಗೆ ಬಿದ್ದೆ. ಏಳುವಾಗ ಮೊಣಕೈ ತಾಗಿ ಒಂದು ಬೋಗುಣಿಯ ನೀರು ಚೆಲ್ಲಿತು. ಗೀರು ಬೀಳಿಸದವನು ಹೊರಟ ರೀತಿ ಅದು.

ಬಸ್ರಾದ ದಾರಿಯಲ್ಲಿ ಒಂದು ಕಡೆ ಸೈನಿಕನೊಬ್ಬ ನನ್ನ ಜೇಬಿನ ಚೀಟಿಗಳನ್ನು ತೆಗೆದ. ಡೆಲಿವರಿ ಚೀಟಿಯ ಹಿಂದೆ ಉರುಟುರುಟು ಕನ್ನಡ ಅಕ್ಷರ, ಸಾಲುಸಾಲಾಗಿ. ಇದೇನು ಗುಪ್ತ ಬರಹ ಎಂದು ಕಣ್ಣು ಕೆಂಪು ಮಾಡಿದ. ಸಂಗೀತ ಎಂದೆ. ಹಾಗಾದರೆ ಹಾಡಿ ತೋರಿಸು ಎಂದ. ಬಸ್ಸಿನ ಪಕ್ಕ ಬಿಸಿಲಲ್ಲಿ ನಿಂತು ಸರಿಗಮ ಹಾಡಿದೆ. ಅವನಿಗೆ ಎಷ್ಟೋ ಹೊತ್ತಿನ ಹಿಂದೆಯೇ ಸಾಕಾಗಿತ್ತಂತೆ, ನಾನು ನಿಲ್ಲಿಸಬೇಕಲ್ಲ! ಕೊನೆಗೆ ಅವನು ಬೇಸತ್ತು ಕೈ ಎತ್ತಿದ. ನಿಲ್ಲಿಸಿದೆ. ಬಸ್ಸಿನವರೆಲ್ಲ, ಆ ಭಯದ ನಡುವೆಯೂ, ಗೊಳ್ಳೆಂದು ನಕ್ಕರು.

ಮೊಯ್ದಿನಾಕ ನಗಲಿಲ್ಲ. ಬಸ್ಸು ಹೊರಟ ಮೇಲೆ ಅವರು ನನ್ನ ಮುಖವನ್ನೇ ನೋಡಿ, ‘ಅಲ್ಲ ಶೇಖರಾ, ನಿನಗೆ ಕೈ ಕಂಡ್ರೆ ಸಾಕಾ ಮಾರಾಯಾ? ಬೆಳಗ್ಗೆ ಮದಾಮ್ ಮನೆಯಲ್ಲಿ ನಿಲ್ಲಿಸಿದ್ದು ಅದಕ್ಕೇನಾ?’ ಎಂದರು.

‘ನೀವೇ ಅಲ್ವಾ ಕರೀಲಿಕ್ಕೆ ಬಂದದ್ದು?’

‘ಯಾರು ಕರೆದದ್ದು? ಗಾಡಿ ತಡ ಅಂತೆ, ಬರ್ಲಿಕ್ಕೆ ಇನ್ನೂ ಮುಕ್ಕಾಲು ಗಂಟೆ ಉಂಟು, ನೀನು ಏಳ್ಬೇಡ, ಊದು ಅಂತ ಹೇಳ್ಲಿಕ್ಕೆ ಬಂದದ್ದು ನಾನು. ನೀನು ನಿಲ್ಲಿಸಿಯೇಬಿಟ್ಟಿ. ಆಮೇಲೆ ಆ ಅಮ್ಮ ಮುಚ್ಚಳ ಹಾಕಿದ್ರು. ಇನ್ನು ಎಂತ ಹೇಳುದು ಅಂತ ಸುಮ್ಮನಾದೆ.’

ಆ ಮುಕ್ಕಾಲು ಗಂಟೆ ನಾನು ಅಂಗಡಿಯ ಮೆಟ್ಟಿಲಲ್ಲಿ ಚೀಲ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ಗಾಡಿ ತಡ ಎಂದುಕೊಂಡಿದ್ದೆ, ಅಷ್ಟೆ. ಮೇಲಿನಿಂದ ಪಿಯಾನೊದ ಸದ್ದು ಬರಲಿಲ್ಲ. ಅವತ್ತು ನನಗೆ ಅಪ್ಪನ ಮೇಲೆ, ಭಟ್ಟರ ಮೇಲೆ, ಆ ಕಾಯಿಲೆಯ ಹಸುವಿನ ಮೇಲೂ ಸಿಟ್ಟು ಬಂದಿತ್ತು.

ತೊಂಬತ್ತೊಂದರ ಕೊನೆಗೆ ಕಫೀಲ್ ಮತ್ತೆ ಕರೆಸಿಕೊಂಡ. ಯುದ್ಧ ಮುಗಿದಿತ್ತು, ಎಣ್ಣೆ ಬಾವಿಗಳ ಹೊಗೆಯ ಮಸಿ ಇನ್ನೂ ಗೋಡೆಗಳಿಂದ ಹೋಗಿರಲಿಲ್ಲ. ಬಂದ ಮೊದಲ ಶುಕ್ರವಾರವೇ ಹವಲ್ಲಿಗೆ ಹೋದೆ. ಮೊಯ್ದಿನಾಕನ ಬಕಾಲದ ಜಾಗದಲ್ಲಿ ಒಡೆದ ಷಟರ್ ಇತ್ತು. ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯ ತಿರುವಿನಲ್ಲಿ ಗೋಡೆಗೆ ಉದ್ದಕ್ಕೆ ಒಂದು ಆಳವಾದ ಗೀರು ಕಂಡೆ. ನೋಡಿದ ಕೂಡಲೇ ಗೊತ್ತಾಯಿತು, ಪಿಯಾನೊ ಇಳಿದು ಹೋಗಿದೆ. ಇಳಿಸಿದವರು ಕಸುಬು ತಿಳಿಯದವರು. ನಾನಾಗಿದ್ದರೆ ಅಲ್ಲಿ ಕಂಬಳಿ ಕಟ್ಟುತ್ತಿದ್ದೆ.

ಮದಾಮ್ ಬೇಸಿಗೆಯಲ್ಲೇ ಅಮ್ಮಾನಿಗೆ ಹೋದರು ಎಂದು ಕಟ್ಟಡದ ಕಾವಲಿನವನು ಹೇಳಿದ. ವಯಸ್ಸಾದ ಈಜಿಪ್ತಿನವನು. ಹೋದರು ಎಂದ, ಹೋಗಬೇಕಾಯಿತು ಎಂದು ಆಮೇಲೆ ತಿದ್ದಿದ. ಅವರ ನಾಯಕರು ಇರಾಕಿನ ಪರ ನಿಂತರೆಂದು ಅವರ ಜನ ಹೆಚ್ಚಿನವರೂ ಹೋಗಬೇಕಾಯಿತು. ವಿಳಾಸ ಅವನಲ್ಲಿ ಇರಲಿಲ್ಲ. ‘ನೀನು ಆ ಕೊಳಲಿನ ಹಿಂದಿಯಾ?’ ಎಂದು, ಹಿಂದಿ ಎಂದರೆ ಅವರ ಮಾತಿನಲ್ಲಿ ಭಾರತದವನು, ಕೇಳಿ ತನ್ನ ಮಂಚದ ಕೆಳಗಿನಿಂದ ಒಂದು ಕಟ್ಟು ತಂದುಕೊಟ್ಟ.

ಬಿಚ್ಚಿದರೆ ಆ ಸೊನಾಟಾದ ಪಿಯಾನೊ ಪುಸ್ತಕ. ನನಗೆ ಓದಲು ಬರುವುದಿಲ್ಲ, ಪಿಯಾನೊ ಇಲ್ಲ, ಇದ್ದರೂ ನುಡಿಸಲು ಗೊತ್ತಿಲ್ಲ. ಅದೆಲ್ಲ ಅವರಿಗೆ ತಿಳಿಯದ ವಿಷಯವಲ್ಲ. ಕಾಗದ, ಚೀಟಿ ಏನಾದರೂ ಇದೆಯೋ ಎಂದು ಪುಟ ಪುಟ ಕೊಡವಿದೆ. ಏನೂ ಬೀಳಲಿಲ್ಲ. ಕೊನೆಯ ಪುಟಕ್ಕೆ ಬಂದೆ. ಕೊನೆಯ ಸಾಲಿನ ತುದಿಯಲ್ಲಿ, ಅಚ್ಚಾದ ದಪ್ಪ ಗೀಟಿನ ಪಕ್ಕ, ಪೆನ್ಸಿಲಿನಲ್ಲಿ ಒಂದರ ಕೆಳಗೊಂದು ಎರಡು ಚುಕ್ಕೆ. ಸಾಲಿನ ಆರಂಭದಲ್ಲಿ ಇನ್ನೆರಡು. ಎಷ್ಟು ಸಲ ಎಂದು ಬರೆದಿದೆಯೇ ಎಂದು ಮೇಲೆ ನೋಡಿದೆ, ಕೆಳಗೆ ನೋಡಿದೆ, ಪುಟ ತಿರುಗಿಸಿಯೂ ನೋಡಿದೆ. ಎಲ್ಲೂ ಬರೆದಿರಲಿಲ್ಲ.

ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಅತ್ತೂಬಿಟ್ಟೆ, ಮುಚ್ಚಿಡುವುದೇನು. ಸ್ವಲ್ಪ ಹೊತ್ತಿನ ಮೇಲೆ ಆ ಸಾಲು ತಾನಾಗಿ ಬಾಯಿಗೆ ಬಂತು. ಗುನುಗಿದೆ. ಮುಗಿಯಿತು, ಹಿಂದೆ ಹೋದೆ, ಮತ್ತೆ ಗುನುಗಿದೆ. ಕಾವಲಿನವನು ಎದುರಿನ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದ. ನಾನು ಅಭ್ಯಾಸಬಲದಿಂದ ಅವನ ಕೈಯ ಕಡೆ ನೋಡಿದೆ. ಒಂದರಲ್ಲಿ ಪೊರಕೆ, ಇನ್ನೊಂದರಲ್ಲಿ ನನಗೆಂದು ತಂದ ಚಾ. ಎತ್ತಲಿಕ್ಕೆ ಅಲ್ಲಿ ಒಂದು ಕೈಯೂ ಖಾಲಿ ಇರಲಿಲ್ಲ.